ಮಂಗಳವಾರದ ನೀರು

ಬುಧವಾರ ಬೆಳಿಗ್ಗೆ ಮೀನುಗಳು ಮತ್ತೆ ಊಟ ಬಿಟ್ಟಿದ್ದವು.

ನೂಬಿಯಾ ಮೂರು ತೊಟ್ಟಿಗೂ ಒಂದೊಂದು ಬೊಗಸೆ ಆಹಾರ ಎರಚಿ, ಹೆಗಲಿಗೆ ಹೊದ್ದ ಉಣ್ಣೆಯ ರುವಾನಾವನ್ನು ಕಿವಿಯವರೆಗೆ ಎಳೆದುಕೊಂಡು ದಂಡೆಯ ಮೇಲೆ ಕಾದು ನಿಂತಳು. ಬೇರೆ ದಿನವಾಗಿದ್ದರೆ ಆಹಾರ ಬಿದ್ದ ಕೂಡಲೇ ನೀರು ಎಸರಿನಂತೆ ಕುದಿಯಬೇಕಿತ್ತು. ಇವತ್ತು ಕಂದು ಕಾಳುಗಳು ಬಿದ್ದಲ್ಲೇ ತೇಲಿ, ಗಾಳಿಗೆ ಒಂದು ಮೂಲೆ ಸೇರಿದವು. ಟ್ರೌಟ್‌ಗಳೆಲ್ಲ ನೀರು ಹೊರಹೋಗುವ ಜಾಲರಿಯ ಹತ್ತಿರ, ಬೆನ್ನು ಕಪ್ಪಗೆ ಮಾಡಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಕಿವಿರುಗಳು ಮಾತ್ರ ಪಟಪಟ ಬಡಿಯುತ್ತಿದ್ದವು.

"ತಿನ್ನಿ, ನಿಮ್ಮಜ್ಜಿ ತಲೆ!" ಎಂದು ಬೈದಳು. "ನೆನ್ನೆ ಬೆಳಿಗ್ಗೆ ಕೈ ಕಚ್ಚೋ ಹಾಗೆ ಮೇಲೆ ಬಿದ್ದು ತಿಂದ್ರಲ್ಲ, ರಾತ್ರಿ ಬೆಳಗಾಗೋದ್ರಲ್ಲಿ ಏನು ಬಂತು ರೋಗ?"

ಎದುರುತ್ತರ ಕೊಡುವ ಅಭ್ಯಾಸ ಮೀನುಗಳಿಗೆ ಇರಲಿಲ್ಲ. ಆ ಮನೆಯಲ್ಲಿ ಅಂಥ ಒಳ್ಳೆಯ ಅಭ್ಯಾಸ ಇದ್ದದ್ದು ಅವಕ್ಕೊಂದಕ್ಕೇ.

ತೋತಾ ಸರೋವರದ ಆ ದಂಡೆಯಲ್ಲಿ ಎಲ್ಲಿ ಕಣ್ಣು ಹಾಯಿಸಿದರೂ ಹಸಿ ಈರುಳ್ಳಿಯೇ. ಬೆಟ್ಟದ ಬುಡದಿಂದ ನೀರಿನಂಚಿನವರೆಗೆ, ರಸ್ತೆಯ ಎರಡೂ ಬದಿಗೆ, ಸ್ಮಶಾನದ ಗೋಡೆಗೆ ತಾಗಿಕೊಂಡು ಕೂಡ ಈರುಳ್ಳಿ. ಅಂಥ ಕಡೆ ಒಂದು ಪಟ್ಟಿ ಈರುಳ್ಳಿ ಕಿತ್ತು ಮೂರು ತೊಟ್ಟಿ ತೋಡಿ ಮೀನು ಬಿಡುತ್ತೇನೆ ಎಂದು ನೂಬಿಯಾ ಹೇಳಿದಾಗ ಅವಳ ಅತ್ತೆ ಕುಸ್ತೋದಿಯಾ ಮೂರು ದಿನ ಮಾತು ಬಿಟ್ಟಿದ್ದಳು. ಜಮೀನು ಅತ್ತೆಯ ಹೆಸರಿನಲ್ಲಿತ್ತು. ನಾಲ್ಕನೆಯ ದಿನ, ಈರುಳ್ಳಿ ಸುಲಿಯುತ್ತ ಕೂತವಳು ತಲೆ ಎತ್ತದೆ ತೀರ್ಪು ಕೊಟ್ಟಳು.

"ಈ ಈಸ್ಟರ್‌ನಿಂದ ಮುಂದಿನ ಈಸ್ಟರ್‌ವರೆಗೆ. ಒಂದು ವರ್ಷ. ಊರೆಲ್ಲಾ ಮಾಂಸ ಬಿಟ್ಟು ಮೀನು ತಿನ್ನೋ ಪವಿತ್ರ ವಾರಕ್ಕೆ ಮಾರಿ ತೋರಿಸಿದ್ರೆ ತೊಟ್ಟಿ ನಿನ್ನದು, ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಹಬ್ಬ ಮುಗಿದ ಸೋಮವಾರ ಬೆಳಿಗ್ಗೆ ಮಣ್ಣು ತುಂಬಿಸಿ ಈರುಳ್ಳಿ ನೆಡಿಸ್ತೀನಿ. ಆಮೇಲೆ ಅತ್ತೆ ಹಾಗಂದ್ಲು, ಹೀಗಂದ್ಲು ಅಂತ ಊರೆಲ್ಲಾ ಹೇಳ್ಕೊಂಡು ತಿರುಗಬಾರದು."

ನೂಬಿಯಾ ಒಪ್ಪಿದ್ದಳು. ಇಪ್ಪತ್ತೊಂದು ವರ್ಷ ಆ ಮನೆಯ ಈರುಳ್ಳಿ ಸುಲಿದು ಅವಳ ಬೆರಳ ಸಂದಿಗಳು ಬಿರಿದಿದ್ದವು. ತನ್ನದು ಎಂದು ಬೆರಳು ತೋರಿಸಿ ಹೇಳಲು ಅವಳಿಗೆ ಅಲ್ಲಿ ಸಿಕ್ಕಿದ ಮೊದಲ ವಸ್ತು ಆ ಮೂರು ತೊಟ್ಟಿ. ಈಗ ಫೆಬ್ರವರಿ ಅರ್ಧ ಕಳೆದು, ಈಸ್ಟರ್‌ಗೆ ಎಂಟು ವಾರ ಉಳಿದಿರುವಾಗ, ಮೀನುಗಳಿಗೆ ಹೊಸ ರೋಗ ಶುರುವಾಗಿತ್ತು. ಹೋದ ಎರಡು ಬುಧವಾರವೂ ಹೀಗೇ ಆಗಿತ್ತು.

ಅಡುಗೆಮನೆಯಲ್ಲಿ ಅವಳ ಗಂಡ ಅನ್ಸೆಲ್ಮೋ ಹಾಲು-ಮೊಟ್ಟೆಯ ಸಾರಿಗೆ ನೆನ್ನೆಯ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ. ಗಂಡನಾಗುವುದು, ಮಗನಾಗುವುದು, ಈ ಎರಡು ಕೆಲಸಗಳನ್ನು ಒಂದೇ ಮೇಜಿನಲ್ಲಿ ಮಾಡಬೇಕಾದವನಾದ್ದರಿಂದ ಊಟದ ಹೊತ್ತಿನಲ್ಲಿ ಅವನು ಬಟ್ಟಲಿನಿಂದ ತಲೆ ಎತ್ತುತ್ತಿರಲಿಲ್ಲ.

"ಮತ್ತೆ ತಿಂತಿಲ್ಲ," ಎಂದಳು ನೂಬಿಯಾ.

"ಯಾರು?"

"ಯಾರೇನು, ನಿಮ್ಮ ಸೋದರಮಾವನ ಮಕ್ಕಳು! ಮೀನು ರೀ."

"ಚಳಿ ಇರ್ಬೇಕು."

"ಟ್ರೌಟಿಗೆ ಚಳೀನಾ? ಚಳಿ ನೀರಿಲ್ದಿದ್ರೆ ಬದುಕದ ಮೀನು ಅದು."

"ಹಾಗಾದ್ರೆ ಸೆಕೆ ಇರ್ಬೇಕು," ಎಂದು ಅವನು ಇನ್ನೊಂದು ತುಂಡು ಬ್ರೆಡ್ಡು ಮುರಿದ.

ಒಲೆಯ ಪಕ್ಕದ ಮಣೆಯ ಮೇಲೆ ಕೂತು ಅಂಗೈಗೆ ನಿಂಬೆಹೋಳು ತಿಕ್ಕಿಕೊಳ್ಳುತ್ತಿದ್ದ ಕುಸ್ತೋದಿಯಾ ಬಾಯಿ ಹಾಕಿದಳು. "ಕೊಕ್ಕರೆ ಹೆದರಿಸಿರ್ಬೇಕು. ಬಿಸಿಲು ಬೇರೆ ನೆತ್ತಿ ಮೇಲೆ ಹೊಡೆಯುತ್ತೆ, ಮರ ಇಲ್ಲ, ಮರೆ ಇಲ್ಲ."

"ಈ ತಿಂಗಳ ಎರಡನೇ ತಾರೀಕು, ಮೇಣದಬತ್ತಿ ಹಬ್ಬದ ದಿನ ಕೊಕ್ಕರೆ ಕಾಟ ಅಂತ ನಾನೇ ಬಂದು ಹೇಳಿದಾಗ ಏನಂದ್ರಿ ಅತ್ತೆ? ಕೊಕ್ಕರೆಗೂ ಹೊಟ್ಟೆ ಇದೆ ಅಂದ್ರಿ."

"ಇಲ್ವಾ ಮತ್ತೆ?"

ನೂಬಿಯಾ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಟ್ಟಳು. ಅನ್ಸೆಲ್ಮೋ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಮುಖ ಮುಚ್ಚಿಕೊಂಡು ಕುಡಿದ.

ಶನಿವಾರ ಮಗಳು ಯೂರಾನಿ ತೊಟ್ಟಿಯ ಬಳಿ ಮಂಡಿಯೂರಿ ಕೂತಳು. ಹದಿನೆಂಟರ ಹುಡುಗಿ, ಸೊಗಮೋಸೊ ಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಮೀನು ಸಾಕಣೆಯ ಕೋರ್ಸು ಮಾಡುತ್ತಿದ್ದವಳು ಶುಕ್ರವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದಳು. ನೀರು ಪರೀಕ್ಷೆಯ ಪೆಟ್ಟಿಗೆಯೊಂದನ್ನು ಮೇಷ್ಟ್ರ ಕೈಕಾಲು ಹಿಡಿದು ತಂದಿದ್ದಳು; ಸೋಮವಾರ ಬೆಳಿಗ್ಗೆ ವಾಪಸು ಕೊಡಬೇಕು. ಗಾಜಿನ ನಳಿಗೆಗೆ ತೊಟ್ಟಿ ನೀರು ತುಂಬಿ ಎರಡು ಬಾಟಲಿಯಿಂದ ಹನಿ ಹಾಕಿ ಅಲುಗಿಸಿದಳು.

"ಹಸಿರು ಬಂದ್ರೆ ನೀರಲ್ಲಿ ಅಮೋನಿಯಾ ಇದೆ ಅಂತ. ಹಳದಿ ಬಂದ್ರೆ ಇಲ್ಲ ಅಂತ." ಐದು ನಿಮಿಷ ಕಾದರು. "ಹಳದಿ. ನೀರು ಚೆನ್ನಾಗಿದೆ ಅಮ್ಮ."

"ಚೆನ್ನಾಗಿದ್ರೆ ಇವಕ್ಕೇನು ದಾಡಿ?"

ಯೂರಾನಿ ಬಲೆ ಹಾಕಿ ಒಂದನ್ನು ಹಿಡಿದು, ಒದ್ದೆ ಕೈಯಲ್ಲಿ ಕಿವಿರಿನ ಮುಚ್ಚಳ ಎತ್ತಿದಳು. "ನೋಡು, ಕೆಂಪಗೆ ಇರ್ಬೇಕಾದ್ದು ಊದಿಕೊಂಡು ಲೋಳೆ ಕಟ್ಟಿದೆ. ರೆಕ್ಕೆ ಅಂಚು ಹರಿದಿದೆ. ನೀರು ಕೆಟ್ಟಾಗ್ಲೇ ಹಿಂಗಾಗೋದು."

"ಈಗ ತಾನೇ ಚೆನ್ನಾಗಿದೆ ಅಂದೆಯಲ್ಲೇ!"

"ಈಗ ಚೆನ್ನಾಗಿದೆ. ಬೇರೆ ಯಾವಾಗ್ಲೋ ಕೆಡ್ತಿದೆ. ಕೆಟ್ಟು, ಹರಿದುಹೋಗಿ, ಮತ್ತೆ ಸರಿ ಆಗ್ತಿದೆ. ಒಂದೇ ಸಲಕ್ಕೆ ಸಾಯೋ ಅಷ್ಟು ಕೆಡಲ್ಲ ಅಮ್ಮ, ಅದೇ ಕಷ್ಟ. ಕಿವಿರು ಉರಿಯುತ್ತೆ, ಉಸಿರು ಸಾಕಾಗಲ್ಲ, ದಿನವಿಡೀ ಹೆದರಿದ ಹಾಗೇ ಇರ್ತಾವೆ. ತಿಂದಿದ್ದು ಮೈಗೆ ಹತ್ತಲ್ಲ. ಆಮೇಲೆ ಒಂದು ಸಣ್ಣ ಕಾಯಿಲೆ ಬಂದ್ರೂ ತಡಕೊಳ್ಳೋ ಶಕ್ತಿ ಇರಲ್ಲ."

"ಅಂದ್ರೆ ನನ್ನ ಹಾಗೆ," ಎಂದಳು ನೂಬಿಯಾ.

ಯೂರಾನಿ ನಕ್ಕಳು. ನೂಬಿಯಾ ನಗಲಿಲ್ಲ. ಅವಳು ಕಾಲುವೆಯ ಗುಂಟ ಮೇಲೆ ನೋಡುತ್ತಿದ್ದಳು. ಬೆಟ್ಟದ ಹಳ್ಳದಿಂದ ತೊಟ್ಟಿಗೆ ನೀರು ತರುವ ಆ ಸಣ್ಣ ಕಾಲುವೆಯ ಪಕ್ಕದಲ್ಲೇ, ಲಾರಿ ಬಂದು ನಿಲ್ಲುವ ಜಾಗದಲ್ಲಿ, ಅನ್ಸೆಲ್ಮೋನ ಕೋಳಿ ಗೊಬ್ಬರದ ಚೀಲಗಳು ಒಂದರ ಮೇಲೊಂದು ಪೇರಿಸಿ ಕೂತಿದ್ದವು. ವಾಸನೆ ಇಲ್ಲಿಯವರೆಗೂ ಬರುತ್ತಿತ್ತು.

ಆ ದಂಡೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೇ ಮಾತಾಡುವುದು; ಜಗಳ ಜೋರಾದಷ್ಟೂ ಮರ್ಯಾದೆ ಹೆಚ್ಚಾಗುತ್ತದೆ. ಅಂದು ಮಧ್ಯಾಹ್ನದ ಗೋಧಿನುಚ್ಚಿನ ಸಾರಿನ ಮುಂದೆ ಮರ್ಯಾದೆ ಉಕ್ಕಿ ಹರಿಯಿತು.

"ತಾವು ದೊಡ್ಡ ಮನಸ್ಸು ಮಾಡಿ ಆ ಚೀಲಗಳನ್ನ ಅಲ್ಲಿಂದ ತೆಗೆಸ್ತೀರಾ?" ಎಂದಳು ನೂಬಿಯಾ.

"ತಾವೇ ಹೇಳಿ, ಎಲ್ಲಿಡ್ಲಿ? ತಮ್ಮ ಹಾಸಿಗೆ ಮೇಲೆ ಇಡ್ಲಾ?"

"ಇಡಿ. ಹೇಗೂ ಹಾಸಿಗೆ ತಮ್ಮ ಕಾಲಿನ ವಾಸನೆಗೆ ಒಗ್ಗಿದೆ."

"ಗೊಬ್ಬರ ನೀರಿಗೆ ಬಿದ್ದಿಲ್ಲ ಕಣ್ರೀ! ಜನವರಿಯಿಂದ ಒಂದು ಹನಿ ಮಳೆ ಇಲ್ಲ. ಕೊಚ್ಚಿಕೊಂಡು ಹೋಗೋದಕ್ಕೆ ಏನು ರೆಕ್ಕೆ ಬಂದಿದೆಯಾ ಅದಕ್ಕೆ? ನಿಮ್ಮ ಮಗಳೇ ನೀರು ಚೆನ್ನಾಗಿದೆ ಅಂದ್ಳಲ್ಲ."

"ಅಪ್ಪ, ನಾನು ಹೇಳಿದ್ದು ಹಾಗಲ್ಲ," ಎಂದಳು ಯೂರಾನಿ.

"ಹಳದಿ ಅಂದೆಯೋ ಇಲ್ವೋ?"

"ಹಳದಿ ಅಂದೆ, ಆದ್ರೆ..."

"ಮುಗೀತು. ಹಳದಿ."

ಕುಸ್ತೋದಿಯಾ ಬಟ್ಟಲಿಗೆ ಆಲೂಗೆಡ್ಡೆ ಬಡಿಸಿಕೊಳ್ಳುತ್ತ, "ಕೋಳಿ ಗೊಬ್ಬರದಿಂದಾನೇ ಈ ಮನೆ ಎದ್ದಿದ್ದು. ಅದನ್ನ ಮೂಸಿದ್ರೆ ಸಾಯೋ ಮೀನು ಸಾಯ್ಲಿ ಬಿಡು," ಎಂದಳು. ಆದರೆ ಹೇಳುವಾಗ ಸೊಸೆಯ ಮುಖ ನೋಡಲಿಲ್ಲ.

ಒಂದು ವಾರ ಮುಖ ಊದಿಸಿಕೊಂಡು, ಮುಂದಿನ ಬುಧವಾರ ಮೀನು ಮತ್ತೆ ಊಟ ಬಿಟ್ಟ ಮೇಲೆ ನೂಬಿಯಾ ಗಂಡನ ಊಟವನ್ನೂ ಬಿಡಿಸುವ ಬೆದರಿಕೆ ಹಾಕಿದಳು. ಅದು ನಾಟಿತು. ಶನಿವಾರ, ಭಾನುವಾರ ಎರಡು ದಿನ ಅನ್ಸೆಲ್ಮೋ ಗೊಣಗುತ್ತ, ಸಂತರ ಹೆಸರನ್ನೆಲ್ಲ ಒಂದೊಂದಾಗಿ ಕರೆಯುತ್ತ ಅಷ್ಟೂ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಮನೆಯ ಆಚೆ ಬದಿಗೆ ಸಾಗಿಸಿದ. ಸೋಮವಾರ ಅವನಿಗೆ ಎದ್ದು ನಿಲ್ಲಲು ಆಗಲಿಲ್ಲ. ಮಂಗಳವಾರ ಸೊಗಮೋಸೊ ಸಂತೆಗೆ ಈರುಳ್ಳಿ ಲಾರಿ ಹೊರಟಾಗ ಹೆಂಡತಿಯ ಭುಜ ಹಿಡಿದು ಹತ್ತಿದ.

ಅದೇ ವಾರ ಕುಸ್ತೋದಿಯಾ ನೆಗಡಿ, ಜ್ವರ ಹಿಡಿದು ಮಲಗಿದಳು. ಹಣೆಗೆ ಬೂದಿ ಹಚ್ಚಿಸಿಕೊಳ್ಳದ ಬೂದಿ ಬುಧವಾರ ತನ್ನ ಎಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು ಎಂದು ಕಂಬಳಿಯೊಳಗಿಂದಲೇ ಎಲ್ಲರನ್ನೂ ಬೈದಳು.

"ಈ ಚಳಿಯಲ್ಲಿ ಎಲ್ಲಿ ನೆನೆದ್ರಿ ಅತ್ತೆ?" ಎಂದು ನೂಬಿಯಾ ನಿಂಬೆ ಹಿಂಡಿದ ಬಿಸಿ ಬೆಲ್ಲದ ನೀರು ತಂದುಕೊಟ್ಟಳು. "ಹೋದ ವಾರ ನಿಮ್ಮ ಬೂಟು ಹಿತ್ತಿಲಲ್ಲಿ ಒದ್ದೆಯಾಗಿ ಬಿದ್ದಿತ್ತು."

"ನನ್ನ ಬೂಟು, ನನ್ನ ಕಾಲು. ನಿನಗ್ಯಾಕೆ?" ಎಂದು ಮುದುಕಿ ಗೋಡೆಯ ಕಡೆ ಹೊರಳಿದಳು.

ನೂಬಿಯಾಗೆ ಬೇಸರ ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಅಂದು ಬೆಳಿಗ್ಗೆ ಮೀನುಗಳು ನೀರು ಚಿಮ್ಮಿಸಿಕೊಂಡು ತಿಂದಿದ್ದವು! ಬೆನ್ನಿನ ಕಪ್ಪು ತಿಳಿಯಾಗಿತ್ತು. ಪಕ್ಕದ ಗುಲಾಬಿ ಗೆರೆ ಬಿಸಿಲಿಗೆ ಮಿಂಚುತ್ತಿತ್ತು. ಗುರುವಾರವೂ ತಿಂದವು, ಶುಕ್ರವಾರವೂ ತಿಂದವು. ಶನಿವಾರ ಅವಳು ಗಂಡನಿಗಾಗಿ ಕೋಳಿ ಕೊಯ್ದು ಸಾರು ಮಾಡಿ, ಕಾಲಿನ ತುಂಡು ಅವನಿಗೇ ಹಾಕಿದಳು.

"ಹೇಳಿರ್ಲಿಲ್ವಾ, ಗೊಬ್ಬರದ್ದೇ ಕಿತಾಪತಿ ಅಂತ? ನನ್ನ ಮಾತು ಕೇಳಿದ್ರೆ ಎಲ್ಲಾ ಸರಿ ಹೋಗುತ್ತೆ."

"ನನ್ನ ಬೆನ್ನೊಂದು ಬಿಟ್ಟು," ಎಂದ ಅನ್ಸೆಲ್ಮೋ. ಆದರೂ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಕೋಳಿಯ ಎರಡನೇ ಕಾಲನ್ನೂ ಕೇಳಿ ಹಾಕಿಸಿಕೊಂಡ.

ಖುಷಿ ಒಂದು ವಾರ ಬಾಳಿತು. ಕುಸ್ತೋದಿಯಾ ಎದ್ದು ಓಡಾಡತೊಡಗಿದಳು, ನೂಬಿಯಾ ಎಂದಿನಂತೆ ಮಂಗಳವಾರದ ಸಂತೆಗೆ ಹೋಗಿಬಂದಳು, ಬುಧವಾರ ಬೆಳಿಗ್ಗೆ ಕಂದು ಕಾಳುಗಳು ಮತ್ತೆ ಮೂಲೆ ಸೇರಿದವು. ಅದರ ಮುಂದಿನ ವಾರ ಮೊದಲನೆಯ ಹೆಣ ತೇಲಿತು. ಆಮೇಲೆ ದಿನಕ್ಕೆ ಐದು, ಎಂಟು. ಬದುಕಿದ್ದವುಗಳ ಬಾಲದ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು. ಅಡುಗೆಮನೆಯ ತಕ್ಕಡಿಯಲ್ಲಿ ಒಂದನ್ನು ತೂಗಿದರೆ ಒಂದೂವರೆ ತಿಂಗಳ ಹಿಂದೆ ಎಷ್ಟಿತ್ತೋ ಅಷ್ಟೇ. ಇಷ್ಟು ದಿನ ಹಾಕಿದ ಆಹಾರವೆಲ್ಲ ಎಲ್ಲಿ ಹೋಯಿತು ಎಂದು ನೂಬಿಯಾ ಅದನ್ನೇ ಮತ್ತೆ ಮತ್ತೆ ತೂಗಿದಳು.

ಯೂರಾನಿ ಪ್ರತಿ ಶನಿವಾರ ಹನಿ ಹಾಕಿದಳು. ಪ್ರತಿ ಶನಿವಾರ ಹಳದಿ. ಉಪ್ಪು ನೀರಿನಲ್ಲಿ ಅದ್ದಿ ತೆಗೆಯಿರಿ ಎಂದಳು. ತಾಯಿ ಮಗಳು ಇಡೀ ಭಾನುವಾರ ಮೊಣಕೈವರೆಗೆ ತಣ್ಣೀರಿನಲ್ಲಿ ನೆನೆಸಿಕೊಂಡು ಅದನ್ನೂ ಮಾಡಿದರು.

"ಅಮ್ಮ, ಒಂದು ವಿಷಯ," ಎಂದಳು ಯೂರಾನಿ ಕೈ ಒರೆಸಿಕೊಳ್ಳುತ್ತ. "ಒಳ್ಳೆ ನೀರು ಒಳಗೆ ಬೀಳೋ ಕಡೆ ಅಲ್ವಾ ಟ್ರೌಟ್ ನಿಂತ್ಕೊಳ್ಳೋದು? ಬುಧವಾರ ಬುಧವಾರ ಇವು ಯಾಕೆ ಹೊರಗೆ ಹೋಗೋ ಜಾಲರಿ ಹತ್ರ ನಿಂತಿರ್ತಾವೆ?"

"ಹೊರಗೆ ಹೋಗೋದಕ್ಕೆ. ಈ ಮನೇಲಿ ಇರೋದಕ್ಕೆ ಯಾರಿಗೆ ಇಷ್ಟ?" ಎಂದಳು ನೂಬಿಯಾ. ಸುಸ್ತಿನಲ್ಲಿ ಅವಳಿಗೆ ಅದು ತಮಾಷೆಯೂ ಆಗಿರಲಿಲ್ಲ.

ಊಟದ ಮೇಜಿನಲ್ಲಿ ಅನ್ಸೆಲ್ಮೋ ತನ್ನ ಬೆನ್ನಿನ ಕಥೆ ತೆಗೆದ. ಸುಮ್ಮನೆ ದಂಡವಾಯಿತು, ಆ ಚೀಲಗಳನ್ನು ಈಗ ಯಾರು ವಾಪಸು ಹೊರುತ್ತಾರೆ ಎಂದ. ನೂಬಿಯಾ ಅವನ ಮುಂದೆ ಬಟ್ಟಲು ಕುಕ್ಕಿ ಹಿತ್ತಿಲಿಗೆ ಹೋಗಿ ಅತ್ತಳು. ಕುಸ್ತೋದಿಯಾ ಕಿಟಕಿಯಿಂದ ಅದನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ನಿಂತಳು.

"ಅಳೋದ್ರಿಂದ ಮೀನು ದಪ್ಪ ಆಗಲ್ಲ."

"ಗೊತ್ತು ಅತ್ತೆ. ಮಣ್ಣಿನ ಲಾರಿಗೆ ಹೇಳಿಡಿ. ಖುಷಿಯಾಗಿರಿ."

ಕುಸ್ತೋದಿಯಾ ಒಳಗೆ ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.

ಮಾರ್ಚ್ ಕೊನೆಯ ಮಂಗಳವಾರ ಆಲೂಗೆಡ್ಡೆ ಬೆಳೆಗಾರರು ಸೊಗಮೋಸೊ ರಸ್ತೆಗೆ ಮರದ ದಿಮ್ಮಿ ಅಡ್ಡ ಹಾಕಿದರು. ಎರಡು ತಾಸು ಲಾರಿಯಲ್ಲಿ ಕೂತು, ಮುಷ್ಕರದವರಿಗೂ ಸರ್ಕಾರಕ್ಕೂ ಸಮನಾಗಿ ಬೈದು, ಹತ್ತು ಗಂಟೆಗೆ ಗಂಡ ಹೆಂಡತಿ ಈರುಳ್ಳಿ ಸಮೇತ ವಾಪಸು ಬಂದರು. ಅನ್ಸೆಲ್ಮೋ ಲಾರಿ ನಿಲ್ಲಿಸುತ್ತಿರುವಾಗ ನೂಬಿಯಾ ಇಳಿದು, ಹತ್ತಿರವೆಂದು ಕಾಲುವೆಯ ಗುಂಟ ನಡೆದಳು.

ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನಿಂತಳು. ಕಾಲುವೆಯ ನೀರು ಕಂದಾಗಿತ್ತು. ಮೇಲೆ ಕೊಳಕು ನೊರೆ. ಮೂಗಿಗೆ ಖಾರವಾಗಿ ಬಡಿಯುವ ಆ ವಾಸನೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೆಳಗೆ ಹೋಗುವ ಬದಲು ಮೇಲಕ್ಕೆ ಓಡಿದಳು.

ಕೋಳಿಗೂಡಿನ ಹಿಂದೆ, ಕಾಲುವೆ ಅಗಲವಾಗುವ ಕಡೆ, ಕುಸ್ತೋದಿಯಾ ಲಂಗ ಸೊಂಟಕ್ಕೆ ಸಿಕ್ಕಿಸಿ, ಬೂಟು ಹಾಕಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಖಾಲಿ ಗೊಬ್ಬರದ ಚೀಲಗಳನ್ನು ನೀರಿಗೆ ಹಾಕಿ, ಒಂದರ ಮೇಲೊಂದು ಎರಡು ಕಾಲಿನಿಂದಲೂ ತುಳಿಯುತ್ತಿದ್ದಳು. ತಳದಲ್ಲಿ ಅಂಟಿದ್ದ ಗೊಬ್ಬರವೆಲ್ಲ ಬಿಟ್ಟುಕೊಂಡು ಹೋಗುತ್ತಿತ್ತು. ಬೇಲಿಯ ಮೇಲೆ ಹತ್ತು ಹನ್ನೆರಡು ಚೀಲ ಆಗಲೇ ಒಣಗುತ್ತಿದ್ದವು.

"ಅತ್ತೇ!"

ಮುದುಕಿ ಬೆಚ್ಚಿ ಬೀಳುವುದರಲ್ಲಿದ್ದಳು. "ಇಷ್ಟು ಬೇಗ ಯಾಕೆ ಬಂದೆ? ಸಂತೆ ಏನಾಯ್ತು?"

"ಏನು ಮಾಡ್ತಿದ್ದೀರಿ ನೀವು?"

"ಕಾಣ್ತಿಲ್ವಾ? ಚೀಲ ತೊಳೀತಿದೀನಿ."

"ಎಷ್ಟು ದಿನದಿಂದ?"

"ಮೇಣದಬತ್ತಿ ಹಬ್ಬ ಆದ್ಮೇಲೆ, ನೀನು ಸಂತೆಗೆ ಹೋದಾಗ್ಲೆಲ್ಲಾ. ಒಂದು ಮಂಗಳವಾರ ಬಿಟ್ಟು. ಆಗ ಮಲಗಿದ್ದೆ."

ನೂಬಿಯಾಗೆ ಬುಧವಾರಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತವು. ತಪ್ಪಿಹೋದ ಒಂದು ಬುಧವಾರವೂ. "ಈ ನೀರು ಎಲ್ಲಿಗೆ ಹೋಗುತ್ತೆ ಅತ್ತೆ? ಎಲ್ಲಿಗೆ ಹೋಗುತ್ತೆ ಹೇಳಿ!"

"ಕೆಳಗೆ ಹೋಗುತ್ತೆ. ನೀರು ಇನ್ನೆಲ್ಲಿಗೆ ಹೋಗುತ್ತೆ?"

"ಕೆಳಗೆ ಏನಿದೆ?"

ಕುಸ್ತೋದಿಯಾ ಕೆಳಗೆ ನೋಡಿದಳು. ತೊಟ್ಟಿಗಳನ್ನು ನೋಡಿದಳು, ತನ್ನ ಕಾಲಡಿಯ ನೊರೆ ನೋಡಿದಳು. "ಕೋಳಿ ಗೊಬ್ಬರ ತಿಂದು ಈರುಳ್ಳಿ ಬೆಳೆಯುತ್ತೆ," ಎಂದಳು, ಮೊದಲಿನ ಜೋರಿಲ್ಲದೆ. "ಮೀನಿಗೂ ಒಂದು ಚೂರು ಸಿಕ್ಕಿದ್ರೆ ಒಳ್ಳೇದೇ ಅಂದ್ಕೊಂಡೆ."

"ಅಯ್ಯೋ ನನ್ನ ಕರ್ಮವೇ!" ಎಂದು ಕಿರುಚಿ ನೂಬಿಯಾ ಕೆಳಗೆ ಓಡಿದಳು.

ಮೊದಲ ತೊಟ್ಟಿಯಲ್ಲಿ ಮೀನುಗಳು ಬಾಯಿ ಮೇಲೆ ಮಾಡಿ ಗಾಳಿ ಗುಟುಕರಿಸುತ್ತಿದ್ದವು. ಕೆಲವು ಆಗಲೇ ಪಕ್ಕಕ್ಕೆ ವಾಲಿ ಹೊಟ್ಟೆಯ ಬಿಳುಪು ತೋರಿಸುತ್ತಿದ್ದವು. ಅವಳು ಕಾಲುವೆಯ ಬಾಯಿಗೆ ಹಲಗೆ ಇಳಿಸಿ ನೀರು ನಿಲ್ಲಿಸಿದಳು. ಹೊಸ ನೀರು ನಿಂತರೆ ಉಸಿರೂ ನಿಲ್ಲುತ್ತದೆ. ಅದೂ ಅವಳಿಗೆ ಗೊತ್ತಿತ್ತು. "ರೀ! ಬನ್ರೀ! ಬಕೆಟ್ ತನ್ನಿ!"

ಅನ್ಸೆಲ್ಮೋ ಬೆನ್ನುನೋವು ಮರೆತು ಓಡಿಬಂದ. ಅವನ ಕೈಯಲ್ಲಿ ಬಕೆಟ್ ಇರಲಿಲ್ಲ. ಔಷಧಿ ಹೊಡೆಯುವ ಪಂಪು ಇತ್ತು. "ಇದರಿಂದ ನೀರು ಚಿಮ್ಮಿಸಿದ್ರೆ ಬೇಗ ಗಾಳಿ ಸೇರುತ್ತೆ!"

"ಅದರಲ್ಲಿ ಈರುಳ್ಳಿಗೆ ವಿಷ ಹೊಡೆದಿದ್ದಲ್ವೇನ್ರೀ? ಉಳಿದಿರೋದನ್ನೂ ಕೊಲ್ಲೋಕೆ ಬಂದ್ರಾ? ಬಿಸಾಕಿ ಆಚೆ!"

ಅವನು ಪಂಪನ್ನು ಈರುಳ್ಳಿ ಸಾಲಿಗೆ ಎಸೆದು ಬಕೆಟ್ಟಿಗೆ ಓಡಿದ. ಕುಡಿಯುವ ನೀರಿನ ಪೈಪನ್ನು ಅಡುಗೆಮನೆಯಿಂದ ಎಳೆದು ತಂದು ತೊಟ್ಟಿಗೆ ಬಿಟ್ಟರು. ಬಕೆಟ್ಟಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು, ತಲೆಯ ಮಟ್ಟಕ್ಕೆ ಎತ್ತಿ, ಜೋರಾಗಿ ಸುರಿದರು. ಮತ್ತೆ ಮೊಗೆದು, ಎತ್ತಿ, ಸುರಿದರು. ಮೂರನೆಯ ತೊಟ್ಟಿಯಿಂದ ಅದೇ ಸದ್ದು ಕೇಳಿ ನೂಬಿಯಾ ತಿರುಗಿದರೆ ಕುಸ್ತೋದಿಯಾ ಹಾಲಿನ ಕ್ಯಾನಿನಲ್ಲಿ ಮೊಗೆಯುತ್ತಿದ್ದಳು. ಲಂಗ ಇನ್ನೂ ಸೊಂಟದಲ್ಲೇ ಇತ್ತು.

"ಮತ್ತೆ ಜ್ವರ ಬರುತ್ತೆ, ಒಳಗೆ ಹೋಗಿ!" ಎಂದು ನೂಬಿಯಾ ಗದರಿದಳು.

"ನಿನ್ನ ಕೆಲಸ ನೀನು ನೋಡ್ಕೋ!" ಎಂದು ಅತ್ತೆಯೂ ಗದರಿದಳು.

ಮಧ್ಯಾಹ್ನ ಎರಡರವರೆಗೆ ಮೂವರೂ ಸುರಿದರು. ಕಾಲುವೆ ತಿಳಿಯಾದ ಮೇಲೆ ಹಲಗೆ ಎತ್ತಿದರು. ಮೊದಲ ತೊಟ್ಟಿಯಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಉಳಿದೆರಡರಲ್ಲಿ ಹೆಚ್ಚಿನವು ಉಳಿದುಕೊಂಡವು. ಯಾರೂ ಊಟ ಮಾಡಿರಲಿಲ್ಲ. ಅಡುಗೆಮನೆಗೆ ಬಂದು ನೂಬಿಯಾ ಒದ್ದೆ ಬಟ್ಟೆಯಲ್ಲೇ ಕುಸಿದು ಕೂತಳು. ಅತ್ತೆಗೆ ಏನೇನು ಅನ್ನಬೇಕು ಎಂದು ಬಕೆಟ್ ಎತ್ತುವಾಗಲೆಲ್ಲ ಒಂದೊಂದು ಮಾತು ಜೋಡಿಸಿಟ್ಟುಕೊಂಡಿದ್ದಳು.

"ಒಂದು ಕೇಳ್ತೀನಿ ಅತ್ತೆ. ತೊಟ್ಟಿ ಬೇಡ ಅಂದಿದ್ರೆ ನೇರ ಮುಚ್ಚಿಸಬಹುದಿತ್ತಲ್ಲ? ಹೀಗೆ ಚೂರು ಚೂರೇ ಕೊಲ್ಲಬೇಕಿತ್ತಾ?"

ಕುಸ್ತೋದಿಯಾ ತನ್ನ ಕೋಣೆಗೆ ಹೋಗಿ, ಮಂಚದ ಕೆಳಗಿಂದ ಏನನ್ನೋ ದರದರ ಎಳೆದುಕೊಂಡು ಬಂದು ಮೇಜಿನ ಮೇಲೆ ಹಾಕಿದಳು. ಅನ್ಸೆಲ್ಮೋನ ಬಟ್ಟಲು ಉರುಳಿತು. ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಸೇರಿಸಿ, ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿದ ದೊಡ್ಡ ಚಪ್ಪರ. ನಾಲ್ಕು ಮೂಲೆಗೂ ಕಟ್ಟುವ ಹಗ್ಗ.

"ಇಂಥವು ಎರಡು ಮುಗಿದಿವೆ," ಎಂದಳು. "ಮೂರನೆಯದು ಅರ್ಧ. ಕೊಕ್ಕರೆ ಕಾಟ ಅಂತ ನೀನೇ ಹೇಳಿದ್ಯಲ್ಲ, ಬಿಸಿಲು ಬೇರೆ ಹೊಡೆಯುತ್ತೆ."

"ನನಗೆ ಹೇಳಬಹುದಿತ್ತಲ್ಲ!"

"ಏನಂತ ಹೇಳ್ಲಿ? ವರ್ಷವಿಡೀ ಬೈದ ಮೀನಿಗೆ ಈಗ ಚಪ್ಪರ ಹೊಲೀತಿದೀನಿ ಅಂತ ಹೇಳ್ಲಾ? ನನಗೇನು ಮಾನ ಇಲ್ವಾ?" ಮುದುಕಿಯ ದನಿ ಏರಿತು. "ಮೀನು ಸೊರಗ್ತಿದೆ ಅಂತ ನೀನು ಅತ್ತಷ್ಟೂ ಬೇಗ ಮುಗಿಸೋಣ ಅಂತ ಇನ್ನೂ ಹತ್ತು ಚೀಲ ಜಾಸ್ತಿ ತೊಳೆದೆ!"

ಅನ್ಸೆಲ್ಮೋ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಗುತ್ತಿದ್ದನೋ ಏನೋ, ನೂಬಿಯಾ ಅವನನ್ನು ನೋಡಿದ ನೋಟಕ್ಕೆ ಅದು ಕೆಮ್ಮಾಯಿತು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೆಟ್ಟದ್ದು ಮಾಡಿದವರಿಗೆ ಬೈದು ಹಗುರಾಗಬಹುದು. ಇಂಥ ಒಳ್ಳೆಯದನ್ನು ಮಾಡಿದವರಿಗೆ ಏನು ಹೇಳುವುದು? ಜೋಡಿಸಿಟ್ಟ ಮಾತೆಲ್ಲ ಕೆಲಸಕ್ಕೆ ಬಾರದೆ ಹೋಗಿ, "ಊಟಕ್ಕೆ ಏನು ಮಾಡ್ಲಿ?" ಎಂಬುದೊಂದು ಹೊರಗೆ ಬಂತು.

ಶನಿವಾರ ಯೂರಾನಿ ಇಡೀ ಕಥೆ ಕೇಳಿ ತಲೆ ಮೇಲೆ ಕೈ ಹೊತ್ತಳು. ಆಮೇಲೆ ಚಪ್ಪರಗಳನ್ನು ಈರುಳ್ಳಿ ಹೊಲದ ನಡುವೆ ದೊಡ್ಡ ಬಾನಿಯಲ್ಲಿ ಮತ್ತೆ ತೊಳೆಸಿದಳು. ಆ ನೀರು ಈರುಳ್ಳಿಗೆ ಹೋಯಿತು. "ಅಜ್ಜಿ, ಕಾಲುವೆಗೆ ಇನ್ಮೇಲೆ ಒಂದು ಕರ್ಚೀಫೂ ಅದ್ದಬಾರದು," ಎಂದು ಬೆರಳು ಆಡಿಸಿದಳು. ಅಜ್ಜಿ ಕೇಳಿಸದವಳ ಹಾಗೆ ದಾರ ಕಚ್ಚಿ ತುಂಡು ಮಾಡಿದಳು. ಆದರೆ ಮುಂದಿನ ಮಂಗಳವಾರ ಮನೆಯಲ್ಲಿ ಉಳಿದವಳು ಕಾಲುವೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ನೀರು ಕುಡಿಯಲು ಬಂದ ಪಕ್ಕದ ಮನೆಯ ಹಸುವನ್ನೂ ಕಲ್ಲು ಹೊಡೆದು ಓಡಿಸಿದಳು.

ಮೀನು ತಿನ್ನತೊಡಗಿದವು. ಬೂಷ್ಟು ಮೆಲ್ಲಗೆ ಇಳಿಯಿತು. ಆದರೆ ಕಳೆದುಹೋದ ವಾರಗಳು ಕಳೆದೇ ಹೋಗಿದ್ದವು. ಪವಿತ್ರ ವಾರ ಶುರುವಾಗುವ ಗರಿಗಳ ಭಾನುವಾರ ದಂಡೆಯ ಹೋಟೆಲಿನವನು ಬಂದು, ಬಲೆಯಲ್ಲಿ ಎತ್ತಿ ತೋರಿಸಿದ್ದನ್ನು ನೋಡಿ, "ಬಾಲ ತಟ್ಟೆಯಿಂದ ಆಚೆ ಬರದ ಟ್ರೌಟನ್ನ ಪವಿತ್ರ ವಾರಕ್ಕೆ ಯಾರು ಕೇಳ್ತಾರಮ್ಮ?" ಎಂದು ಹೊರಟುಹೋದ. ನೂಬಿಯಾ ಬಲೆಯನ್ನು ಮೊಳೆಗೆ ನೇತುಹಾಕಿದಳು. ಸೋಮವಾರಕ್ಕೆ ಇನ್ನು ಎಂಟೇ ದಿನ.

ಶುಭ ಶುಕ್ರವಾರ ಮಧ್ಯಾಹ್ನ ಮೀನು ಸಾಕುವ ಆ ಮನೆಯ ಮೇಜಿಗೆ ಡಬ್ಬಿಯ ಸಾರ್ಡೀನ್ ಬಂತು. ಬೇಯಿಸಿದ ಆಲೂಗೆಡ್ಡೆಯ ಪಕ್ಕದಲ್ಲಿ ಟೊಮೇಟೊ ರಸದೊಳಗೆ ತಲೆಯಿಲ್ಲದ ನಾಲ್ಕು ಮೀನು. ಅನ್ಸೆಲ್ಮೋ ಮುಳ್ಳು ತೆಗೆಯುವ ನೆಪದಲ್ಲಿ ಎಂದಿಗಿಂತ ಕೆಳಗೆ ಬಾಗಿದ.

ನೂಬಿಯಾ ಬಟ್ಟಲು ಪಕ್ಕಕ್ಕೆ ಸರಿಸಿದಳು. "ಸೋಮವಾರ ಮಣ್ಣಿನ ಲಾರಿ ಎಷ್ಟು ಹೊತ್ತಿಗೆ ಬರುತ್ತೆ ಅತ್ತೆ? ಅದಕ್ಕೆ ಮೊದ್ಲು ಮೀನು ತೆಗೀಬೇಕು. ಊರಲ್ಲಿ ಯಾರಿಗಾದ್ರೂ ಹಂಚಿಬಿಡ್ತೀನಿ."

"ಯಾವ ಲಾರಿ?"

"ಒಂದು ವರ್ಷ ಅಂದಿದ್ರಲ್ಲ. ಮಾತು ಮಾತೇ. ನಾನು ಅತ್ತೆ ಹಾಗಂದ್ಲು, ಹೀಗಂದ್ಲು ಅನ್ನಲ್ಲ."

"ವರ್ಷ ಎಲ್ಲಾಯ್ತು?" ಕುಸ್ತೋದಿಯಾ ಫೋರ್ಕ್ ಕೆಳಗಿಟ್ಟಳು. "ಎಂಟು ವಾರ ನಾನು ಹಾಳು ಮಾಡಿದೀನಿ. ಆ ಎಂಟು ವಾರ ನಿನ್ನದು. ಅದು ಮುಗೀಲಿ, ಆಮೇಲೆ ಲಾರಿ ಮಾತು."

ಯೂರಾನಿ ಅಪ್ಪನನ್ನು ನೋಡಿದಳು. ಅಪ್ಪ ಮೊದಲ ಸಲ ಬಟ್ಟಲಿನಿಂದ ತಲೆ ಎತ್ತಿದ್ದ. ನೂಬಿಯಾಗೆ ಕಣ್ಣು ತುಂಬಿ ಬಂತು. ಇಪ್ಪತ್ತೊಂದು ವರ್ಷದಲ್ಲಿ ಆ ಬಾಯಿಂದ 'ನಾನು ಹಾಳು ಮಾಡಿದೆ' ಎಂಬ ಮಾತು ಅವಳು ಕೇಳಿರಲಿಲ್ಲ. ಅವಳು ಕೈ ಚಾಚಿ ಅತ್ತೆಯ ಬಿರಿದ ಬೆರಳುಗಳನ್ನು ಮುಟ್ಟುವುದರಲ್ಲಿದ್ದಳು.

"ತಡಿ," ಎಂದಳು ಕುಸ್ತೋದಿಯಾ ಕೈ ಎಳೆದುಕೊಂಡು. "ಎಂಟಲ್ಲ, ಏಳು. ಒಂದು ವಾರ ನಾನು ಜ್ವರದಲ್ಲಿ ಮಲಗಿದ್ದೆ. ಆ ವಾರ ನಿನ್ನ ಮೀನು ಚೆನ್ನಾಗಿ ತಿಂದ್ವು, ಗಂಡನಿಗೆ ಕೋಳಿ ಬೇರೆ ಮಾಡಿಹಾಕ್ದೆ. ಅದನ್ನ ನನ್ನ ತಲೆಗೆ ಕಟ್ಟಬೇಡ."

"ಏಳು ವಾರಕ್ಕೆ ದಪ್ಪ ಆಗಲ್ಲ ಅತ್ತೆ! ಅರ್ಧ ತೊಟ್ಟಿ ಸತ್ತಿದ್ದಕ್ಕಾದ್ರೂ ಒಂದು ವಾರ ಸೇರಿಸಿ!"

"ಏಳು."

"ಎಂಟು ಅಂತ ನೀವೇ ಅಂದ್ರಿ ಈಗ!"

"ಏಳು ಅಂದ್ರೆ ಏಳು. ಸಾಲಲ್ಲ ಅಂದ್ರೆ ಬೇಗ ಬೇಗ ತಿನ್ನೋಕೆ ಹೇಳು ಅವಕ್ಕೆ."

ನೂಬಿಯಾ ಕುರ್ಚಿ ಹಿಂದಕ್ಕೆ ದಬ್ಬಿ ಎದ್ದು, ಆಹಾರದ ಬಕೆಟ್ ಎತ್ತಿಕೊಂಡು ಹೊರಗೆ ನಡೆದಳು. ಸಿಟ್ಟೋ ನಗುವೋ ಅವಳಿಗೇ ತಿಳಿಯುತ್ತಿರಲಿಲ್ಲ.

"ಶುಭ ಶುಕ್ರವಾರ ಕೆಲಸ ಮಾಡಬಾರದು!" ಎಂದು ಹಿಂದಿನಿಂದ ಅತ್ತೆ ಕೂಗಿದಳು.

"ಇವತ್ತು ಹಸಿವಾಗಬಾರದು ಅಂತ ಮೀನಿಗೆ ಬಂದು ನೀವೇ ಹೇಳಿ!"

ತೊಟ್ಟಿಗಳ ಮೇಲೆ ಮೂರು ಚಪ್ಪರ ಗಾಳಿಗೆ ಪಟಪಟಿಸುತ್ತಿದ್ದವು. ನಡುವಿನದರ ಮೇಲೆ ಕೊಕ್ಕರೆಯೊಂದು ತನಗಾಗಿಯೇ ಹಾಸಿದ್ದಾರೆ ಎಂಬಂತೆ ಕೂತಿತ್ತು. ನೂಬಿಯಾ ಚಪ್ಪರದ ಅಂಚು ಎತ್ತಿ ಒಂದು ಬೊಗಸೆ ಎರಚಿದಳು, ನೀರು ಕುದಿಯಿತು. ಹಿಂದಿನಿಂದ ಬೂಟಿನ ಸದ್ದು ಕೇಳಿಸಿತು. ಕೋಲು ಬೀಸಿ ಕೊಕ್ಕರೆ ಓಡಿಸಿ, ಕುಸ್ತೋದಿಯಾ ಪಕ್ಕಕ್ಕೆ ಬಂದು ನಿಂತು, ಬಕೆಟ್ಟಿಗೆ ಕೈ ಹಾಕಿದಳು.

"ಇಷ್ಟಿಷ್ಟೇ ಹಾಕಿದ್ರೆ ಏಳು ವಾರಕ್ಕೆ ಆಗುತ್ತಾ?" ಎಂದು ಗೊಣಗಿ, ತನ್ನ ಬೊಗಸೆಯನ್ನೂ ಎರಚಿದಳು.